ಗೇಮ್ ಐಡಿಯಾ ಇದೆ, ಮಾಡಿಕೊಡೋರು ಬೇಕು ಅಂದರೆ…

"ಸಾರ್, ಒಂದು ಸೂಪರ್ ಗೇಮ್ ಐಡಿಯಾ ಇದೆ. ಈಗಲೇ ಪೂರ್ತಿ ಹೇಳೋಕಾಗಲ್ಲ, ಲೀಕ್ ಆಗುತ್ತೆ. ನೀವು ಕೋಡಿಂಗ್ ಮಾಡಿಕೊಡಿ, ಬಂದ ಲಾಭದಲ್ಲಿ ಫಿಫ್ಟಿ ಫಿಫ್ಟಿ." ಗೇಮ್ ಮಾಡುವ ಕೆಲಸದಲ್ಲಿರುವ ಯಾರ ಫೋನು ತೆಗೆದು ನೋಡಿದರೂ ಇಂಥದ್ದೊಂದು ಮೆಸೇಜು ಸಿಗುತ್ತದೆ. ಹೆಚ್ಚಿನವರು ಉತ್ತರ ಕೊಡುವುದಿಲ್ಲ. ಕಳಿಸಿದವರಿಗೆ ಬೇಜಾರು. ಇಷ್ಟು ಒಳ್ಳೆ ಐಡಿಯಾ, ಏನಪ್ಪಾ ಅದು ಅಂತ ಕೇಳೋಕೂ ಪುರುಸೊತ್ತಿಲ್ವಾ ಇವರಿಗೆ ಅಂತ.

ಪುರುಸೊತ್ತಿಲ್ಲ, ನಿಜ. ಅಲ್ಲೇ ಇದೆ ಎಲ್ಲ. ಡೆವಲಪರ್‌ಗೆ ಐಡಿಯಾಕ್ಕೆ ಬರ ಇಲ್ಲ, ಸಮಯಕ್ಕೆ ಇದೆ. ಅವರ ನೋಟ್‌ಬುಕ್ಕಿನಲ್ಲೇ ಮಾಡದೆ ಉಳಿದ ಆಟಗಳು ಹತ್ತಿಪ್ಪತ್ತು ಬಿದ್ದಿರುತ್ತವೆ. ನೀವು ಆ ಮೆಸೇಜಿನಲ್ಲಿ ಕೇಳುತ್ತಿರುವುದು ಅವರ ಒಂದೆರಡು ವರ್ಷದ ಸಂಜೆಗಳನ್ನು, ಭಾನುವಾರಗಳನ್ನು. ಬದಲಿಗೆ ಕೊಡುತ್ತೇನೆ ಅನ್ನುತ್ತಿರುವುದು ಇನ್ನೂ ಹುಟ್ಟದ ಆಟದ ಇನ್ನೂ ಬಾರದ ಲಾಭದಲ್ಲಿ ಅರ್ಧ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಹಾಗಂತ ಐಡಿಯಾ ಇರುವವರು ಸುಮ್ನೆ ಕೂರಬೇಕು ಅಂತಲ್ಲ. ಡೆವಲಪರ್ ಹೂಂ ಅನ್ನುವ ಹಾಗೆ ಅವರ ಹತ್ತಿರ ಹೋಗಬಹುದು. ಆದರೆ ಅದರ ಅರ್ಧ ಕೆಲಸ ಅವರನ್ನು ಹುಡುಕುವ ಮೊದಲೇ ಮುಗಿದಿರಬೇಕು.

ಕದ್ದುಬಿಡ್ತಾರೆ ಅನ್ನುವ ಭಯ

ಇದನ್ನು ಮೊದಲು ಮುಗಿಸೋಣ. ಎಷ್ಟೋ ಮಾತುಕತೆ ಇಲ್ಲೇ ಮುರಿದು ಬೀಳುತ್ತದೆ.

ಕಾನೂನು ಏನು ಹೇಳುತ್ತದೆ ಅಂದರೆ, ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. ನೀವು ಬರೆದ ಕಥೆ, ಬಿಡಿಸಿದ ಚಿತ್ರ, ಕೋಡ್, ಸಂಗೀತ, ಇವಕ್ಕೆ ಇದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ತನ್ನ ನಾಟಕವನ್ನು ಕದ್ದು ಸಿನಿಮಾ ಮಾಡಿದ್ದಾರೆ ಅಂತ ನಾಟಕಕಾರರೊಬ್ಬರು ಹೋಗಿದ್ದರು. ವಸ್ತು, ಕಥೆಯ ಎಳೆ, ಕಲ್ಪನೆ ಇವು ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ರಕ್ಷಣೆ ಅಂತ ತೀರ್ಪಾಯಿತು. ಪೇಟೆಂಟ್ ಮಾಡಿಸ್ತೀನಿ ಅನ್ನುವವರೂ ಇದ್ದಾರೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಂ) ಓದಿ: ಆಟ ಆಡುವ ವಿಧಾನ ನಮ್ಮ ದೇಶದಲ್ಲಿ ಆವಿಷ್ಕಾರದ ಲೆಕ್ಕಕ್ಕೇ ಬರುವುದಿಲ್ಲ. ಆ ಬಾಗಿಲು ಮುಚ್ಚಿದೆ.

ಹಾಗಾದರೆ ಕದಿಯೋದೇ ಇಲ್ವಾ? ಕದೀತಾರೆ. ಆದರೆ ಯಾವಾಗ ಅನ್ನುವುದು ಮುಖ್ಯ. 'ತ್ರೀಸ್' ಅಂತ ಒಂದು ಮೊಬೈಲ್ ಆಟ 2014ರ ಫೆಬ್ರವರಿಯಲ್ಲಿ ಬಂತು. ಅಂಕಿಗಳನ್ನು ಸರಿಸಿ ಕೂಡಿಸುವ ಆಟ. ಅದನ್ನು ಮಾಡಿದವರು ನಿಯಮ ತಿದ್ದುತ್ತಾ, ಚಿತ್ರ ಬದಲಿಸುತ್ತಾ 14 ತಿಂಗಳು ಕೂತಿದ್ದರು. ಮುಂದಿನ ತಿಂಗಳೇ ಇಟಲಿಯ ಗೇಬ್ರಿಯಲೆ ಚಿರುಲ್ಲಿ ಒಂದು ವಾರಾಂತ್ಯದಲ್ಲಿ '2048' ಮಾಡಿ ಉಚಿತವಾಗಿ ನೆಟ್‌ಗೆ ಹಾಕಿದರು. ನಿಮಗೆ ಇವತ್ತು ನೆನಪಿರುವುದು ಯಾವುದು ಹೇಳಿ. ತ್ರೀಸ್ ಮಾಡಿದವರು ಹೊಟ್ಟೆ ಉರಿದುಕೊಂಡದ್ದು ನ್ಯಾಯವೇ. ಆದರೆ ಗಮನಿಸಿ, ನಕಲು ಬಂದದ್ದು ಆಟ ಹೊರಬಂದ ಮೇಲೆ, ಜನ ಆಡಿ ಮೆಚ್ಚಿದ ಮೇಲೆ. ಇನ್ನೂ ಹೆಸರಿಡದ ನಿಮ್ಮ ಐಡಿಯಾವನ್ನು ಕದ್ದು ಅದರ ಹಿಂದೆ ಒಂದು ವರ್ಷ ಸುರಿಯುವಷ್ಟು ಬಿಡುವು ಯಾರಿಗೂ ಇರಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. 'ಸ್ಟಾರ್‌ಡ್ಯೂ ವ್ಯಾಲಿ' ಅನ್ನುವ ಜನಪ್ರಿಯ ಆಟದ ಐಡಿಯಾ ಏನು? ನಗರದ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ತೋಟ ಮಾಡುವುದು. ಅದೂ ಹೊಸದಲ್ಲ, ಜಪಾನಿನ 'ಹಾರ್ವೆಸ್ಟ್ ಮೂನ್' 1996ರಲ್ಲೇ ಇತ್ತು. ಎರಿಕ್ ಬರೋನ್ ಒಬ್ಬರೇ ಕೂತು ಚಿತ್ರ, ಸಂಗೀತ, ಮಾತು, ಕೋಡ್ ಎಲ್ಲವನ್ನೂ ಸುಮಾರು ನಾಲ್ಕೂವರೆ ವರ್ಷ ಮಾಡಿ 2016ರಲ್ಲಿ ಬಿಟ್ಟರು. ಆ ಒಂದು ಸಾಲು ಯಾರ ಬಾಯಲ್ಲಿದ್ದರೂ ಏನೂ ಆಗುತ್ತಿರಲಿಲ್ಲ.

ಹಾಗಾಗಿ ಮೊದಲ ಮೆಸೇಜಿನಲ್ಲೇ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಬೇಡಿ. ಡೆವಲಪರ್ ಕಡೆಯಿಂದ ಅದು ದೊಡ್ಡ ತಲೆನೋವು: ನಿಮ್ಮದರ ಹಾಗೇ ಇರುವ ಒಂದು ಆಟವನ್ನು ಅವರು ಆಗಲೇ ಅರ್ಧ ಮಾಡಿಟ್ಟಿರಬಹುದು, ಸಹಿ ಹಾಕಿದ ಮೇಲೆ ನಾಳೆ ನೀವು ಬಂದು ಇದು ನಂದು ಅಂದರೆ ಏನು ಗತಿ? ದೊಡ್ಡ ಕಂಪನಿಗಳಲ್ಲಿ ಹಲವು ಹೊರಗಿನವರ ಐಡಿಯಾ ತೆಗೆದುಕೊಳ್ಳುವುದೇ ಇಲ್ಲ ಅಂತ ಬರೆದೇ ಇಟ್ಟಿರುವುದಕ್ಕೂ ಇದೇ ಕಾರಣ.

ಒಂದು ಸಾಲನ್ನು ಬಿಚ್ಚಿದರೆ

ಒಂದು ಉದಾಹರಣೆ ಹಿಡಿದು ಹೋಗೋಣ. ಹುಲಿ-ಕುರಿ ಆಟ ಗೊತ್ತಲ್ವಾ? ದೇವಸ್ಥಾನದ ಜಗಲಿಯ ಕಲ್ಲಿನ ಮೇಲೆ ತ್ರಿಕೋನದ ಮನೆ ಕೆತ್ತಿರುತ್ತಾರೆ. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಕೆಲವು ಕಡೆ ಲೆಕ್ಕ ಬೇರೆ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ, ಕುರಿಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕುತ್ತವೆ. ಇದನ್ನು ಮೊಬೈಲ್‌ಗೆ ತರಬೇಕು ಅನ್ನುವುದು ನಿಮ್ಮ ಐಡಿಯಾ ಅಂದುಕೊಳ್ಳಿ. ಇಂಥ ಹಳೇ ಆಟಗಳಿಗೆ ಯಾರೂ ಮಾಲೀಕರಿಲ್ಲ, ಅದೊಂದು ಅನುಕೂಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ ಮಣೆ ಆಟಗಳೆಂದರೆ ಪ್ರಾಣ, ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟದ ಮನೆಗಳನ್ನೇ ಚಿತ್ರ ಬರೆಸಿದ್ದಾರೆ. ಈಗಲೂ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಈ ಆಟಗಳ ಪ್ರದರ್ಶನ ನಡೆಸುತ್ತಾರೆ. ಐಡಿಯಾ ಹುಡುಕುವವರು ಅಲ್ಲಿ ಒಂದು ಮಧ್ಯಾಹ್ನ ಕಳೆದರೆ ಹತ್ತು ವರ್ಷಕ್ಕಾಗುವಷ್ಟು ಸರಕು ಸಿಗುತ್ತದೆ.

ಸರಿ, ನೀವು ಡೆವಲಪರ್‌ಗೆ ಬರೆಯುತ್ತೀರಿ: "ಹುಲಿ-ಕುರಿ ಆಟ, ಆನ್‌ಲೈನ್‌ನಲ್ಲಿ ಇಬ್ಬರು ಆಡಬೇಕು, ಕನ್ನಡದಲ್ಲಿ ಇರಬೇಕು. ಸಿಂಪಲ್." ಆ ಕೊನೆಯ ಪದ ನೋಡಿದ ಕೂಡಲೇ ಅವರು ಫೋನು ಕೆಳಗಿಡುತ್ತಾರೆ. ಯಾಕೆ ಅಂತ ನೋಡಿ.

ಮೊದಲು ನಿಯಮಗಳು. ಹುಲಿ ಒಂದೇ ಸರದಿಯಲ್ಲಿ ಎರಡು ಕುರಿ ಹಾರಬಹುದಾ? ತಿನ್ನುವ ಅವಕಾಶ ಇದ್ದೂ ಬಿಡಬಹುದಾ? ಎಲ್ಲ ಕುರಿ ಇಟ್ಟು ಮುಗಿಯುವ ಮೊದಲು ಇಟ್ಟ ಕುರಿಯನ್ನು ನಡೆಸಬಹುದಾ? ಎಷ್ಟು ಕುರಿ ತಿಂದರೆ ಹುಲಿ ಗೆದ್ದ ಹಾಗೆ? ಇಬ್ಬರೂ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ನಡೆಸುತ್ತಾ ಕೂತರೆ ಆಟ ಮುಗಿಯೋದು ಯಾವಾಗ? ಜಗಲಿಯ ಮೇಲಾದರೆ ಇದನ್ನೆಲ್ಲ ಜಗಳ ಮಾಡಿ ತೀರ್ಮಾನಿಸುತ್ತೇವೆ. ಕಂಪ್ಯೂಟರ್‌ಗೆ ಜಗಳ ಬರಲ್ಲ, ಪ್ರತಿಯೊಂದನ್ನೂ ಮೊದಲೇ ಹೇಳಿರಬೇಕು. ಹೇಳದಿದ್ದರೆ ಡೆವಲಪರ್ ತಮಗೆ ತೋಚಿದ್ದು ಹಾಕುತ್ತಾರೆ, ಆಮೇಲೆ ನೀವು ನಮ್ಮೂರಲ್ಲಿ ಹೀಗಲ್ಲ ಅನ್ನುತ್ತೀರಿ.

ಇನ್ನು 'ಆನ್‌ಲೈನ್' ಅನ್ನುವ ಒಂದು ಪದ. ಎದುರಾಳಿ ಸಿಗದಿದ್ದರೆ ಆಟಗಾರ ಎಷ್ಟು ಹೊತ್ತು ಕಾಯಬೇಕು? ಹೊಸ ಆಟದಲ್ಲಿ ಒಂದೇ ಹೊತ್ತಿಗೆ ಇಬ್ಬರು ಇರುವುದೇ ಕಷ್ಟ, ಹಾಗಾಗಿ ಕಂಪ್ಯೂಟರೇ ಆಡಬೇಕು. ಹುಲಿಯಾಗಿ ಆಡುವ ಬುದ್ಧಿ ಬೇರೆ, ಕುರಿಯಾಗಿ ಆಡುವ ಬುದ್ಧಿ ಬೇರೆ, ಎರಡನ್ನೂ ಬರೆಯಬೇಕು. ಬಸ್ಸಿನಲ್ಲಿ ಆಡುತ್ತಿದ್ದವನ ನೆಟ್‌ವರ್ಕ್ ಹೋದರೆ ಆಟ ನಿಲ್ಲಬೇಕಾ, ಸೋತ ಲೆಕ್ಕವಾ? ಸೋಲುತ್ತೇನೆ ಅಂತ ಗೊತ್ತಾದ ಕೂಡಲೇ ನೆಟ್ ಆಫ್ ಮಾಡುವ ಜಾಣರನ್ನು ಏನು ಮಾಡೋದು? ನಡೆ ಸರಿಯಿದೆಯಾ ಅಂತ ಫೋನಿನಲ್ಲೇ ಪರೀಕ್ಷಿಸಿದರೆ ಮೋಸ ಮಾಡುವವರು ಆ್ಯಪನ್ನೇ ತಿದ್ದುತ್ತಾರೆ, ಆದ್ದರಿಂದ ಸರ್ವರ್ ಬೇಕು. ಸರ್ವರ್ ಇದ್ದರೆ ತಿಂಗಳ ಬಾಡಿಗೆ ಇದೆ, ಆಟದಿಂದ ಒಂದು ರೂಪಾಯಿ ಬರದಿದ್ದರೂ. ಆಟಗಾರರಿಗೆ ಅಕೌಂಟ್ ಇದ್ದರೆ ಅದನ್ನು ಅವರೇ ಅಳಿಸುವ ದಾರಿಯೂ ಇರಬೇಕು ಅನ್ನುವುದು ಗೂಗಲ್ ಮತ್ತು ಆಪಲ್ ಎರಡರ ನಿಯಮ. ಹೆಸರು ಹಾಕಿಕೊಳ್ಳಲು ಬಿಟ್ಟರೆ ಬೈಗುಳವನ್ನೇ ಹೆಸರಾಗಿಟ್ಟುಕೊಳ್ಳುವವರು ಬರುತ್ತಾರೆ, ಗ್ಯಾರಂಟಿ.

'ಕನ್ನಡದಲ್ಲಿ' ಅನ್ನುವುದೂ ಸುಲಭದ್ದಲ್ಲ. ಆಟ ಕಟ್ಟಲು ಬಳಸುವ ಸಾಫ್ಟ್‌ವೇರ್‌ಗೆ ಎಂಜಿನ್ ಅನ್ನುತ್ತಾರೆ. ಅಂಥದ್ದೊಂದಾದ ಯೂನಿಟಿಯಲ್ಲಿ ಅಕ್ಷರ ಮೂಡಿಸಲು ಹೆಚ್ಚಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ತನ್ನಷ್ಟಕ್ಕೆ ಸರಿಯಾಗಿ ಜೋಡಿಸುವುದಿಲ್ಲ. 'ಗೆದ್ದಿದ್ದೀರಿ' ಅನ್ನುವಲ್ಲಿ ದಕಾರದ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಿದ್ದಿರುತ್ತದೆ. ಇಂಗ್ಲಿಷ್ ಆಟ ಮಾಡುವವರಿಗೆ ಈ ತಾಪತ್ರಯ ಇದೆ ಅಂತಲೇ ಗೊತ್ತಿರಲ್ಲ. 2023ರಲ್ಲಿ ಬಂದ ಗೋಡೋ 4 ಎಂಜಿನ್ನಿನಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಮೂಡುತ್ತವೆ, ಅದೂ ಪೂರ್ತಿ ಉಚಿತ. ಕನ್ನಡದ ಆಟ ಅಂದ ಮೇಲೆ ಡೆವಲಪರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಒತ್ತಕ್ಷರ ಸರಿಯಾಗಿ ಬರುತ್ತಾ, ಒಂದು ಸ್ಕ್ರೀನ್ ಮಾಡಿ ತೋರಿಸ್ತೀರಾ?

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ. ಈ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗಕ್ಕೆ ಉತ್ತರ ಕೊಡಲು ಕೋಡಿಂಗ್ ಬೇಕಿಲ್ಲ, ಕೂತು ಯೋಚನೆ ಮಾಡಿ ಬರೆಯಬೇಕು ಅಷ್ಟೇ. ಅದು ನಿಮ್ಮ ಕೆಲಸ. ಗೇಮ್ ಡಿಸೈನ್ ಅನ್ನುವುದು ಹೆಚ್ಚಿನ ಮಟ್ಟಿಗೆ ಇದೇ. ಉತ್ತರಗಳನ್ನು ಇಟ್ಟುಕೊಂಡು ಬಂದವರನ್ನು ಡೆವಲಪರ್ ಬೇರೆ ಕಣ್ಣಿನಿಂದ ನೋಡುತ್ತಾರೆ.

ಇನ್ನೊಂದು ಲಾಭವೂ ಇದೆ. ಪಟ್ಟಿ ಮಾಡುತ್ತಾ ಹೋದ ಹಾಗೆ ಏನನ್ನು ಕಿತ್ತು ಹಾಕಬಹುದು ಅನ್ನುವುದು ಕಾಣುತ್ತದೆ. ಮೊದಲ ಆವೃತ್ತಿಗೆ ಆನ್‌ಲೈನ್ ಯಾಕೆ? ಒಂದೇ ಫೋನನ್ನು ಇಬ್ಬರು ಕೈ ಬದಲಿಸಿಕೊಂಡು ಆಡಲಿ. ಸರ್ವರ್ ಹೋಯಿತು, ಅಕೌಂಟ್ ಹೋಯಿತು, ಬೈಗುಳವೂ ಹೋಯಿತು. ಒಂದು ವರ್ಷದ ಕೆಲಸ ಒಂದೆರಡು ತಿಂಗಳಿಗೆ ಇಳಿಯಿತು.

ಸೀಮೆಸುಣ್ಣ, ಹುಣಸೆ ಬೀಜ

ಬರೀ ಹುಲಿ-ಕುರಿ ಆದರೆ ಪ್ಲೇಸ್ಟೋರಿನಲ್ಲಿ ಆಗಲೇ ಇರುತ್ತದೆ. ನಿಮ್ಮದೇನು ಹೊಸತು? ಹತ್ತು ನಡೆಗೊಮ್ಮೆ ಮಳೆ ಬಂದು ಮೂರು ಮನೆಗಳು ಮುಳುಗಿ ಹೋಗುತ್ತವೆ, ಅಲ್ಲಿ ಯಾರೂ ಕಾಲಿಡುವ ಹಾಗಿಲ್ಲ, ಇದು ನಿಮ್ಮ ಹೊಸ ನಿಯಮ ಅನ್ನೋಣ. ಕೇಳೋಕೆ ಚೆನ್ನಾಗಿದೆ. ಆಡೋಕೆ?

ಗೊತ್ತಾಗಬೇಕಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯಿರಿ. ಕುರಿಗೆ ಹುಣಸೆ ಬೀಜ, ಹುಲಿಗೆ ಬಾಟಲಿ ಮುಚ್ಚಳ. ಮುಳುಗಿದ ಮನೆಗೆ ಒಂದೊಂದು ಚೀಟಿ. ತಮ್ಮನನ್ನೋ ಪಕ್ಕದ ಮನೆಯವರನ್ನೋ ಕೂರಿಸಿ ಆಡಿಸಿ, ನೀವು ಬಾಯಿ ಮುಚ್ಚಿಕೊಂಡು ನೋಡಿ. ವಿವರಿಸೋಕೆ ಹೋಗಬೇಡಿ, ಯಾಕಂದರೆ ಫೋನಿನಲ್ಲಿ ಆಡುವವರ ಪಕ್ಕದಲ್ಲಿ ನೀವು ಕೂತಿರಲ್ಲ. ನಾಲ್ಕಾರು ಆಟ ಆಗುವಷ್ಟರಲ್ಲಿ ಎಷ್ಟೋ ಹೊರಬೀಳುತ್ತದೆ. ಮಳೆ ಬಂದಾಗ ಹುಲಿಗೆ ಹೋಗಲು ಜಾಗವೇ ಇಲ್ಲದೆ ಕುರಿಗಳು ಸುಮ್ನೆ ಗೆದ್ದುಬಿಡಬಹುದು. ಹತ್ತು ನಡೆ ಎಣಿಸೋದು ಎಲ್ಲರಿಗೂ ಮರೆತು ಹೋಗಬಹುದು, ಅಂದರೆ ಪರದೆಯ ಮೇಲೆ ಮೋಡ ಕಪ್ಪಾಗುತ್ತಾ ಬರುವ ಒಂದು ಸೂಚನೆ ಬೇಕು. ಅಥವಾ ಎಲ್ಲರೂ ಮಳೆಗಾಗಿ ಕಾಯುತ್ತಾ ಖುಷಿ ಪಡುತ್ತಿರಬಹುದು, ಆಗ ನಿಮ್ಮ ಆಟದ ಜೀವ ಅಲ್ಲಿದೆ ಅಂತ ಗೊತ್ತಾಯಿತು. ಇದಕ್ಕೆ ಖರ್ಚು ಸೊನ್ನೆ. ಇದನ್ನೇ ಕೋಡ್ ಬರೆಸಿ ಕಂಡುಕೊಳ್ಳಲು ಹೋದರೆ ಡೆವಲಪರ್‌ನ ಒಂದು ತಿಂಗಳು.

ಎಲ್ಲ ಆಟವೂ ಮಣೆ ಆಟವಲ್ಲ, ಒಪ್ಪಿದೆ. ಓಡುವ, ಹಾರುವ, ಗುಂಡು ಹೊಡೆಯುವ ಆಟವನ್ನು ಕಾಗದದಲ್ಲಿ ಪರೀಕ್ಷಿಸೋಕಾಗಲ್ಲ. ಅಂಥವಕ್ಕೆ ಗೋಡೋದಲ್ಲೋ ಗೇಮ್‌ಮೇಕರಿನಲ್ಲೋ ಚೌಕ ಹಾರುವ, ವೃತ್ತ ಬೆನ್ನಟ್ಟುವ ಒಂದು ಒರಟು ಪ್ರೋಟೋಟೈಪ್ ಮಾಡಬಹುದು. ಕಥೆಯೇ ಪ್ರಧಾನವಾದರೆ ಟ್ವೈನ್ ಅನ್ನುವ ಸಾಧನ ಸಾಕು, ಕೋಡಿಂಗ್ ಹೆಚ್ಚುಕಮ್ಮಿ ಬೇಡವೇ ಬೇಡ. ಈಗ ಎಐ ಸಹಾಯದಿಂದಲೂ ಇಂಥ ಒರಟು ಮಾದರಿ ಎಬ್ಬಿಸಬಹುದು. ಆ ಕೋಡು ಮುಂದೆ ಆಟವಾಗಿ ಬೆಳೆಯುತ್ತದೆ ಅಂತ ಮಾತ್ರ ನಂಬಬೇಡಿ, ತೋರಿಸೋಕೆ ಸಾಕು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರ 'ರಾಜಿ' ಆಟ ನೆನಪಿಸಿಕೊಳ್ಳಿ. 2017ರಲ್ಲಿ ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಎತ್ತಲು ಹೋಗಿ ಗುರಿ ಮುಟ್ಟಲಿಲ್ಲ. ಆದರೆ ಜನ ಆಡಿ ನೋಡಬಹುದಾದ ಡೆಮೊ ಅವರ ಕೈಯಲ್ಲಿತ್ತು. 2020ರಲ್ಲಿ ಆಟ ಹೊರಬಂತು. ಬರೀ ಐಡಿಯಾ ಹಿಡಿದುಕೊಂಡು ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಅನ್ನೋದು ನನ್ನ ಅನಿಸಿಕೆ. ಪಬ್ಲಿಷರ್‌ಗಳೂ ಹಾಗೇ, ಅವರು ಹಣ ಹಾಕುವುದು ಆಡಬಹುದಾದ ತುಣುಕು ಮತ್ತು ಅದನ್ನು ಮುಗಿಸಬಲ್ಲ ತಂಡ ಎರಡೂ ಇರುವ ಕಡೆ.

ಯಾರನ್ನು, ಎಲ್ಲಿ ಹುಡುಕೋದು

'ಡೆವಲಪರ್' ಅಂದಾಗ ನಿಮ್ಮ ತಲೆಯಲ್ಲಿ ಎಲ್ಲವನ್ನೂ ಮಾಡುವ ಒಬ್ಬರು ಇರುತ್ತಾರೆ. ಎರಿಕ್ ಬರೋನ್ ಥರದವರು ಇದ್ದಾರೆ, ಆದರೆ ಅಂಥವರು ನಿಮ್ಮ ಐಡಿಯಾ ಯಾಕೆ ಮಾಡ್ತಾರೆ? ಸಾಮಾನ್ಯವಾಗಿ ಕೋಡ್ ಒಬ್ಬರು, ಚಿತ್ರ ಒಬ್ಬರು, ಸದ್ದು-ಸಂಗೀತ ಇನ್ನೊಬ್ಬರು. 'ಅಂಡರ್‌ಟೇಲ್' ಒಬ್ಬರೇ ಮಾಡಿದ ಆಟ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಟೋಬಿ ಫಾಕ್ಸ್ ಜೊತೆ ಚಿತ್ರಗಳಿಗೆ ಟೆಮ್ಮಿ ಚಾಂಗ್ ಇದ್ದರು.

ಇದರಲ್ಲಿ ನೀವು ಯಾರು ಅನ್ನುವುದೇ ದೊಡ್ಡ ಪ್ರಶ್ನೆ. ಚಿತ್ರ ಬರುತ್ತಾ? ಸಂಗೀತ? ಕಥೆ, ಸಂಭಾಷಣೆ ಬರೆಯೋಕೆ? ಆಟ ಬಂದ ಮೇಲೆ ಅದನ್ನು ಜನರ ಕಿವಿಗೆ ಹಾಕೋಕೆ? ಇದರಲ್ಲಿ ಯಾವುದಾದರೂ ಒಂದು ಗಟ್ಟಿಯಾಗಿ ಬಂದರೆ ನೀವು ಪಾಲುದಾರರಾಗುತ್ತೀರಿ. ಯಾವುದೂ ಬರದಿದ್ದರೆ ಹಣ ಕೊಡುವ ಗಿರಾಕಿ. ಎರಡೂ ಮರ್ಯಾದೆಯ ಜಾಗಗಳೇ. ಮೂರನೆಯದು, ಅಂದರೆ ಬರೀ ಐಡಿಯಾ ಕೊಟ್ಟು ಅರ್ಧ ಪಾಲು ಕೇಳುವ ಜಾಗ, ಅದು ಇಲ್ಲ.

ಬೆಂಗಳೂರಿನಲ್ಲಿ ಗೇಮ್ ಮಾಡುವವರಿಗೆ ಕೊರತೆ ಇಲ್ಲ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಇಲ್ಲಿಂದಲೇ ವಿದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾಡೆಲ್ ಮಾಡಿಕೊಟ್ಟಿತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅಮೆರಿಕದ ಗೇಮ್ ಕಂಪನಿ ಝಿಂಗಾ 2010ರಲ್ಲೇ ಇಲ್ಲಿ ಸ್ಟುಡಿಯೊ ತೆರೆಯಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಕಲಿಸುತ್ತಾರೆ. ಆದರೆ ಇಲ್ಲಿ ಬೇರೆಯವರ ದೊಡ್ಡ ಆಟದ ಒಂದು ತುಂಡನ್ನು ಚೆನ್ನಾಗಿ ಮಾಡಿ ಗೊತ್ತಿರುವವರು ಜಾಸ್ತಿ, ಚಿಕ್ಕ ಆಟವನ್ನು ಶುರುವಿನಿಂದ ಕೊನೆಯ ತನಕ ಮುಗಿಸಿದವರು ಕಡಿಮೆ. ನಿಮಗೆ ಬೇಕಾದವರು ಎರಡನೆಯ ಗುಂಪಿನವರು. ದೊಡ್ಡ ಕಂಪನಿಯ ಹೆಸರಿಗೆ ಮರುಳಾಗದೆ ಕೇಳಿ: ನೀವು ಮುಗಿಸಿದ ಒಂದು ಆಟದ ಲಿಂಕ್ ಕೊಡಿ. ಎಷ್ಟೇ ಚಿಕ್ಕದಾಗಲಿ, ಮುಗಿದಿರಬೇಕು.

ಅಂಥವರು ಸಿಗುವುದು ಗೇಮ್ ಜಾಮ್‌ಗಳಲ್ಲಿ. ಎರಡು ಮೂರು ದಿನದಲ್ಲಿ ಒಂದು ಪುಟ್ಟ ಆಟ ಮಾಡಿ ಮುಗಿಸುವ ಕೂಟಗಳಿವು. ಗ್ಲೋಬಲ್ ಗೇಮ್ ಜಾಮ್ 2009ರಿಂದ ಪ್ರತಿ ವರ್ಷದ ಆರಂಭದಲ್ಲಿ ನಡೆಯುತ್ತಿದೆ. ಕೋಡಿಂಗ್ ಬರದವರೂ ಸೇರಬಹುದು, ಚಿತ್ರಕ್ಕೋ ಸದ್ದಿಗೋ ಒಂದು ಕೈ ಜೋಡಿಸಬಹುದು. ಒಂದು ವಾರಾಂತ್ಯ ಒಟ್ಟಿಗೆ ಕೂತವರು ನಿದ್ದೆಗೆಟ್ಟಾಗ ಹೇಗೆ ಮಾತಾಡ್ತಾರೆ ಅಂತ ಗೊತ್ತಾಗುತ್ತದೆ, ಯಾವ ಇಂಟರ್‌ವ್ಯೂನಲ್ಲೂ ಅದು ತಿಳಿಯಲ್ಲ. ಜಾಮ್ ಆಟಗಳಲ್ಲಿ ಹಲವು ಇಚ್.ಐಒ (itch.io) ತಾಣದಲ್ಲಿ ಬಿದ್ದಿರುತ್ತವೆ. ಆಡಿ ನೋಡಿ, ಇಷ್ಟವಾದವರಿಗೆ ಬರೆಯಿರಿ. ಹೇಗೆ ಬರೆಯೋದು? ಸುಮಾರು ಹೀಗೆ:

"ನಿಮ್ಮ ಜಾಮ್ ಆಟ ಆಡಿದೆ, ಸೋತರೂ ಮತ್ತೆ ಆಡಬೇಕು ಅನ್ನಿಸಿತು. ನಾನು ಹುಲಿ-ಕುರಿ ಆಟಕ್ಕೆ ಮಳೆಯ ನಿಯಮ ಸೇರಿಸಿ ಒಂದು ಆಂಡ್ರಾಯ್ಡ್ ಆಟ ಮಾಡಿಸಬೇಕೆಂದಿದ್ದೇನೆ. ನೆಲದ ಮೇಲೆ ಆಡಿಸಿದ ವಿಡಿಯೊ ಎರಡು ನಿಮಿಷದ್ದು ಇಲ್ಲಿದೆ, ನಿಯಮಗಳು ಒಂದು ಪುಟ. ಒಂದೇ ಫೋನಿನಲ್ಲಿ ಇಬ್ಬರು, ಇಲ್ಲವೇ ಕಂಪ್ಯೂಟರ್ ಎದುರು. ಆನ್‌ಲೈನ್ ಇಲ್ಲ. ಚಿತ್ರ ಮತ್ತು ಬರಹ ನನ್ನದೇ. ಮೊದಲು ಬರೀ ಪ್ರೋಟೋಟೈಪ್, ಅದಕ್ಕೆ ಹಣ ಇಟ್ಟಿದ್ದೇನೆ. ಅರ್ಧ ಗಂಟೆ ಮಾತಾಡಬಹುದಾ?"

ಇದಕ್ಕೆ ಆಗಲ್ಲ ಅಂದಾರು, ಆದರೆ ಉತ್ತರವಂತೂ ಬರುತ್ತದೆ.

ಹಣದ ಮಾತು

ಲೆಕ್ಕ ಹಾಕೋದು ಕಷ್ಟವಲ್ಲ. ಎಷ್ಟು ಜನ, ಎಷ್ಟು ತಿಂಗಳು, ತಿಂಗಳಿಗೆ ಎಷ್ಟು. ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ಇಬ್ಬರು, ಆರು ತಿಂಗಳು, ಒಬ್ಬೊಬ್ಬರಿಗೆ 50 ಸಾವಿರ: 6 ಲಕ್ಷ ರೂಪಾಯಿ. ಆರು ತಿಂಗಳು ಅಂದದ್ದು ಆರಕ್ಕೇ ಮುಗಿಯಲ್ಲ, ಕೈಯಲ್ಲಿ ಸ್ವಲ್ಪ ಹೆಚ್ಚಿಗೆ ಇರಲಿ. ಈ ಗುಣಾಕಾರವನ್ನು ಒಮ್ಮೆ ಮಾಡಿದವರು ಆಮೇಲೆ "ಒಂದು ಚಿಕ್ಕ ಪಬ್‌ಜಿ ಥರ" ಅನ್ನುವ ಮಾತನ್ನು ಆಡಲ್ಲ.

ಅಷ್ಟು ಹಣ ಇಲ್ಲ, ಲಾಭದಲ್ಲಿ ಪಾಲು ಕೊಡ್ತೀನಿ ಅಂದರೆ? ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2024 ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಆಟಗಳು ಬಂದವು. ಬಹುಪಾಲು ಆಟಗಳು ಹಾಕಿದ ಶ್ರಮದ ಕೂಲಿಯನ್ನೂ ಹುಟ್ಟಿಸಲ್ಲ ಅನ್ನುವುದು ಡೆವಲಪರ್‌ಗೆ ನಿಮಗಿಂತ ಚೆನ್ನಾಗಿ ಗೊತ್ತು. ಸೊನ್ನೆಯಲ್ಲಿ ಅರ್ಧವೂ ಸೊನ್ನೆ, ತೊಂಬತ್ತು ಪರ್ಸೆಂಟೂ ಸೊನ್ನೆ. ಪಾಲಿನ ವ್ಯವಹಾರ ನಡೆಯುವುದು ಇಬ್ಬರೂ ಹೆಚ್ಚುಕಮ್ಮಿ ಸಮನಾಗಿ ದುಡಿದಾಗ, ಅದೂ ಮೊದಲೇ ಪರಿಚಯ ಇದ್ದಾಗ. ನಡುವಿನ ದಾರಿ ಒಂದಿದೆ, ನನಗೆ ಅದೇ ಸರಿ ಕಾಣುತ್ತದೆ: ಪ್ರೋಟೋಟೈಪಿಗೆ ಮಾತ್ರ ನಗದು ಕೊಟ್ಟು ಮಾಡಿಸಿ. ಮೂರು ನಾಲ್ಕು ವಾರದ ಕೆಲಸ. ಅದು ಆಡೋಕೆ ಮಜವಿಲ್ಲ ಅಂತಾದರೆ ಅಲ್ಲಿಗೇ ನಿಲ್ಲಿಸಿ, ಹೋಗಿದ್ದು ಅಷ್ಟೇ. ಮಜ ಇದ್ದರೆ ಡೆವಲಪರ್‌ಗೂ ಆಸೆ ಹುಟ್ಟಿರುತ್ತದೆ, ಆಮೇಲೆ ಸ್ವಲ್ಪ ಹಣ ಸ್ವಲ್ಪ ಪಾಲು ಅಂತ ಕೂತು ಮಾತಾಡಬಹುದು.

ಬರವಣಿಗೆಯಲ್ಲಿ ಇರಲಿ

ಇಲ್ಲಿ ಜನ ಮೋಸ ಹೋಗುವುದಕ್ಕಿಂತ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಹಣ ಕೊಟ್ಟಿದ್ದೇನೆ, ಕೋಡು ನಂದು ಅಂದುಕೊಂಡಿರುತ್ತೀರಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಂಬಳದ ನೌಕರ ಮಾಡಿದ್ದು ಮಾಲೀಕರದ್ದು, ಆದರೆ ಫ್ರೀಲಾನ್ಸರ್ ಬರೆದ ಕೋಡಿನ ಹಕ್ಕು ಬರೆದವರದ್ದೇ, ಅವರು ಸಹಿ ಹಾಕಿದ ಬರಹದಲ್ಲಿ ನಿಮಗೆ ಕೊಡುವ ತನಕ. ವಾಟ್ಸಾಪಿನಲ್ಲಿ 'ಓಕೆ' ಅಂದದ್ದನ್ನು ನಂಬಿಕೊಂಡು ಕೂರಬೇಡಿ.

ಬರೆಸುವಾಗಲೂ ಸೆಕ್ಷನ್ 19ರಲ್ಲಿ ಮೂರು ಬಲೆಗಳಿವೆ. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಹಕ್ಕು ಐದೇ ವರ್ಷಕ್ಕೆ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ, ಆದರೆ ನಿಮ್ಮ ಆಟ ಪ್ಲೇಸ್ಟೋರಿನಲ್ಲಿ ಜಗತ್ತಿಗೆಲ್ಲ ಹೋಗುತ್ತದೆ. ಮತ್ತೆ, ಹಕ್ಕು ಸಿಕ್ಕ ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ತಾನಾಗಿ ಬಿದ್ದು ಹೋಗುತ್ತದೆ, ಒಪ್ಪಂದದಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಉಳಿಯುತ್ತದೆ. ಗೇಮ್ ಮುಗಿಯೋಕೇ ಎರಡು ವರ್ಷ ಹಿಡಿಯುವ ಕಡೆ ಈ ಮೂರನೆಯದು ಸುಮ್ಮನೆ ಬಿಡುವಂಥದ್ದಲ್ಲ. ಒಬ್ಬ ವಕೀಲರಿಗೆ ಒಂದು ಸಲದ ಫೀಸು ಕೊಟ್ಟು ಬರೆಸಿ.

ಹಣವನ್ನು ಹಂತ ಹಂತವಾಗಿ ಕೊಡಿ, ಆದರೆ ಹಂತ ಅನ್ನುವುದು ಕಣ್ಣಿಗೆ ಕಾಣುವಂತಿರಲಿ. '50 ಪರ್ಸೆಂಟ್ ಕೆಲಸ ಮುಗಿದಾಗ' ಅಂದರೆ ಯಾರಿಗೂ ಏನೂ ಅರ್ಥವಾಗಲ್ಲ. 'ಇಬ್ಬರು ಒಂದು ಫೋನಿನಲ್ಲಿ ಆಟವನ್ನು ಶುರುವಿನಿಂದ ಗೆಲುವಿನ ತನಕ ಆಡಬಹುದು' ಅಂದರೆ ಆಡಿ ನೋಡಿದರಾಯಿತು. ಕೋಡು ಇಡುವ ಗಿಟ್ ಖಾತೆ ಮೊದಲ ದಿನದಿಂದ ನಿಮ್ಮ ಹೆಸರಲ್ಲಿರಲಿ, ಡೆವಲಪರ್ ಅದಕ್ಕೇ ಹಾಕುತ್ತಾ ಹೋಗಲಿ. ಅವರು ಮಧ್ಯದಲ್ಲಿ ಬಿಟ್ಟು ಹೋದರೂ ಮುಂದಿನವರು ಅಲ್ಲಿಂದ ಶುರು ಮಾಡಬಹುದು. ಕೊಂಡು ತಂದ ಚಿತ್ರ, ಫಾಂಟು, ಸದ್ದುಗಳ ಲೈಸೆನ್ಸು ಯಾರ ಹೆಸರಲ್ಲಿದೆ ಅಂತ ಕೇಳಿ. ಎಐನಿಂದ ಮಾಡಿದ ಚಿತ್ರ ಇದ್ದರೆ ಅದನ್ನೂ ಬರೆಸಿಕೊಳ್ಳಿ, ಸ್ಟೀಮ್ 2024ರಿಂದ ಆ ವಿವರ ಕೇಳುತ್ತದೆ. ನಿಮ್ಮ ಕಡೆಯಿಂದಲೂ ಒಂದು ಮಾತು ಇರಲಿ: ಒಪ್ಪಿದ ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಅದಕ್ಕೆ ಬೇರೆ ಹಣ. "ಹಾಗೇ ಒಂದು ನವಿಲೂ ಸೇರಿಸಿಬಿಡಿ" ಅನ್ನುವುದು ಡೆವಲಪರ್‌ಗಳು ಓಡಿಹೋಗುವ ಮುಖ್ಯ ಕಾರಣಗಳಲ್ಲಿ ಒಂದು.

ಅಂಗಡಿಗೆ ಇಡುವಾಗ

ಸ್ಟೋರ್ ಖಾತೆಗಳನ್ನು ನೀವೇ ತೆರೆಯಿರಿ, ಡೆವಲಪರ್ ಹೆಸರಲ್ಲಿ ಬೇಡ. ಗೂಗಲ್‌ಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99, ಸ್ಟೀಮ್‌ಗೆ ಆಟವೊಂದಕ್ಕೆ 100. ಆಟ 1,000 ಡಾಲರ್ ದುಡಿದರೆ ಸ್ಟೀಮ್ ಆ 100 ವಾಪಸ್ ಕೊಡುತ್ತದೆ, ಆದರೆ ಮಾರಾಟದಲ್ಲಿ 30 ಪರ್ಸೆಂಟ್ ತಾನಿಟ್ಟುಕೊಳ್ಳುತ್ತದೆ.

ಬೆಟ್ ಕಟ್ಟಿ ಆಡುವ ಹಾಗೆ ಮಾಡೋಣ, ದುಡ್ಡು ಅಲ್ಲಿದೆ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಹಳೇ ವಾದ ಅಲ್ಲಿ ನಡೆಯಲ್ಲ.

ಕೊನೆಗೆ ಎಲ್ಲ ಮುಗಿಯಿತು, ನಾಳೆ ಬಿಡುಗಡೆ ಅಂದುಕೊಂಡಾಗ ಹಲವರು ಮುಗ್ಗರಿಸುವ ಜಾಗ ಒಂದಿದೆ. 2023ರ ನವೆಂಬರ್ ಮಧ್ಯದ ನಂತರ ತೆರೆದ ವೈಯಕ್ತಿಕ ಗೂಗಲ್ ಪ್ಲೇ ಖಾತೆಯಾದರೆ ನೇರವಾಗಿ ಬಿಡುಗಡೆ ಮಾಡೋಕಾಗಲ್ಲ. ಕನಿಷ್ಠ 12 ಜನ ಪರೀಕ್ಷಕರು ಬಿಡದೆ 14 ದಿನ ನಿಮ್ಮ ಕ್ಲೋಸ್ಡ್ ಟೆಸ್ಟಿನಲ್ಲಿ, ಅಂದರೆ ನೀವು ಆಯ್ದವರಷ್ಟೇ ಆಡುವ ಪರೀಕ್ಷೆಯಲ್ಲಿ, ಇರಬೇಕು, ಮೊದಲು ಇದು 20 ಜನ ಇತ್ತು. ಮಧ್ಯದಲ್ಲಿ ಕೆಲವರು ಬೇಜಾರಾಗಿ ಬಿಟ್ಟುಹೋದರೆ ಎಣಿಕೆ ತಪ್ಪುತ್ತದೆ. ಹಾಗಾಗಿ ಹನ್ನೆರಡಕ್ಕೆ ನಿಲ್ಲಿಸದೆ ಇಪ್ಪತ್ತು ಜನರ ಪಟ್ಟಿ ಮಾಡಿಟ್ಟುಕೊಳ್ಳಿ, ಎಲ್ಲರಿಗೂ ಆಂಡ್ರಾಯ್ಡ್ ಫೋನೂ ಜೀಮೇಲೂ ಇದೆಯಾ ಅಂತ ಕೇಳಿಕೊಳ್ಳಿ. ಸೀಮೆಸುಣ್ಣದ ಮನೆಯ ಸುತ್ತ ಕೂತು ಆಡಿದವರಿಂದಲೇ ಶುರು ಮಾಡಬಹುದು, ಅವರಿಗೆ ಆಗಲೇ ನಿಯಮ ಗೊತ್ತಿರುತ್ತದೆ.